ಅಟ್ಟದ ಮೇಲಿನ 486: ಓದುಗರ ಪ್ರಶ್ನೆಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆಯ 386 ಕಂಪ್ಯೂಟರನ್ನು ಮತ್ತೆ ಓಡಿಸಿದ ಕಥೆ ಬರೆದಿದ್ದೆ. (286, 386, 486 ಅಂದರೆ ಪೆಂಟಿಯಂಗೂ ಮುಂಚಿನ ಪ್ರೊಸೆಸರ್ ಮಾದರಿಗಳು.) ಒಬ್ಬ ನಿವೃತ್ತ ಬ್ಯಾಂಕ್ ನೌಕರರು ಅದನ್ನು ಪುಕ್ಕಟೆ ಕೊಟ್ಟರು ಅಂತಲೂ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಮಾತನ್ನೇ ಹಿಡಿದುಕೊಂಡಿವೆ. ಈ ಸಲ ಅವಕ್ಕೇ ಉತ್ತರ.

ನಾನು ಡಿಪ್ಲೊಮಾ ಓದುತ್ತಿದ್ದೇನೆ ಸರ್. ಹಳೇ ಕಂಪ್ಯೂಟರ್ ಕೂಡಿಡುವ ಆಸೆ ಇದೆ. ಆನ್‌ಲೈನ್‌ನಲ್ಲಿ ನೋಡಿದರೆ ಕೆಟ್ಟು ನಿಂತಿರೋ 486ಕ್ಕೂ ಸಾವಿರಗಟ್ಟಲೆ ಕೇಳುತ್ತಾರೆ. ನಿಮಗೆ ಪುಕ್ಕಟೆ ಹೇಗೆ ಸಿಕ್ಕಿತು? ನನಗೆ ಎಲ್ಲಿ ಸಿಗುತ್ತೆ?
— ಓದುಗ, ದಾವಣಗೆರೆ

ಕೇಳಿದ್ದಕ್ಕೆ ಸಿಕ್ಕಿತು. ಬೇರೆ ಗುಟ್ಟೇನೂ ಇಲ್ಲ.

1990ರ ದಶಕದಲ್ಲಿ ನಿಮ್ಮ ಊರಲ್ಲಿ ಯಾರ ಹತ್ತಿರ ಕಂಪ್ಯೂಟರ್ ಇತ್ತು ಅಂತ ಯೋಚಿಸಿ. ಡಿಟಿಪಿ ಮಾಡುತ್ತಿದ್ದವರು, ಪ್ರಿಂಟಿಂಗ್ ಪ್ರೆಸ್ಸು, ಆಡಿಟರ್ ಆಫೀಸು, ಸಹಕಾರಿ ಸಂಘ, ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿದ್ದು ಆಮೇಲೆ ಕಂಪ್ಯೂಟರ್ ಕ್ಲಾಸ್ ಆದ ಜಾಗಗಳು, ಮುಚ್ಚಿಹೋದ ಸೈಬರ್ ಸೆಂಟರ್‌ಗಳು. ಇವರಲ್ಲಿ ಅನೇಕರು ಆ ಪೆಟ್ಟಿಗೆಯನ್ನು ಎಸೆದಿರುವುದಿಲ್ಲ. ಆ ಕಾಲಕ್ಕೆ ಸಾಲ ಮಾಡಿ ತಂದದ್ದು, ಎಸೆಯೋಕೆ ಮನಸ್ಸು ಬರಲ್ಲ. ಮೇಲೊಂದು ಗೋಣಿಚೀಲ ಹೊದಿಸಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಆಯುಧ ಪೂಜೆಗೆ ಮುಂಚಿನ ಎರಡು ವಾರ ಇದಕ್ಕೆ ಒಳ್ಳೆ ಸಮಯ. ಅಂಗಡಿ, ಆಫೀಸು ಎಲ್ಲ ಕಡೆ ತೊಳೆದು ಬಳಿದು ಮಾಡುವಾಗ ಬೇಡದ ಸಾಮಾನು ಹೊರಗೆ ಬರುತ್ತೆ. ಆಗ ನಿಮ್ಮ ನೆನಪು ಅವರಿಗಿರಬೇಕು, ಹಾಗಾಗಿ ಮುಂಚೆಯೇ ಹೋಗಿ ಹೇಳಿಟ್ಟು ಬನ್ನಿ.

ಕೇಳುವಾಗ "ಕೆಟ್ಟಿದ್ದರೂ ಪರವಾಗಿಲ್ಲ" ಅನ್ನೋ ಮಾತು ಮರೆಯಬೇಡಿ. ಕೆಟ್ಟ ಸಾಮಾನನ್ನು ಇನ್ನೊಬ್ಬರಿಗೆ ಕೊಡೋಕೆ ನಮ್ಮ ಜನಕ್ಕೆ ಸಂಕೋಚ. ಬರೀ ಕೀಬೋರ್ಡ್, ಫ್ಲಾಪಿ, ಜೊತೆಗೆ ಬಂದ ಪುಸ್ತಕ ಇದ್ದರೂ ಕೊಡಿ ಅಂತ ಹೇಳಿ. ನನ್ನ ಟಿವಿಎಸ್ ಗೋಲ್ಡ್ ಕೀಬೋರ್ಡ್ ಬಂದದ್ದು ಹೀಗೇ. ಒಂದೊಂದು ಕೀಲಿಗೂ ಬೇರೆ ಸ್ವಿಚ್ ಇರುವ, ಒತ್ತಿದರೆ ಟಿಕ್ ಅನ್ನುವ ಗಟ್ಟಿ ಕೀಬೋರ್ಡ್ ಅದು. ನಮ್ಮ ಕಡೆ ಡಿಟಿಪಿ ಮಾಡುವವರು ಇವತ್ತಿಗೂ ಅದನ್ನು ಬಿಟ್ಟುಕೊಡಲ್ಲ.

ಗುಜರಿ ಅಂಗಡಿಯಲ್ಲೂ ಸಿಗುತ್ತೆ, ಆದರೆ ಅಲ್ಲಿ ತೂಕದ ಲೆಕ್ಕ, ಪುಕ್ಕಟೆ ಅಲ್ಲ. ಅಷ್ಟೇ ಅಲ್ಲ, ಹಳೇ ಸೆರಾಮಿಕ್ ಪ್ರೊಸೆಸರ್‌ಗಳಲ್ಲಿ ಚೂರು ಚಿನ್ನ ಇರುತ್ತೆ. ಅದನ್ನು ತೆಗೆಯುವವರಿಗೆ ಮಾರಿ, ಬರೀ ಬೋರ್ಡನ್ನು ಉಳಿಸಿರುತ್ತಾರೆ. ಆ ಚಿನ್ನಕ್ಕಾಗಿ ಆಸಿಡ್‌ನಲ್ಲಿ ಕೈ ಅದ್ದಿ ಕೆಲಸ ಮಾಡುವವರ ಆರೋಗ್ಯ ನೆನೆದರೆ ಸಂಕಟವಾಗುತ್ತೆ. ಅದಕ್ಕೇ ಪೆಟ್ಟಿಗೆ ಗುಜರಿಗೆ ಹೋಗುವ ಮುಂಚೆಯೇ ನಾವು ಅದಿರುವ ಜಾಗವನ್ನು ತಲುಪಬೇಕು ಅಂತೀನಿ.

ಇನ್ನೊಂದು ಮಾತು, ನನಗೆ ತುಂಬ ಮುಖ್ಯವಾದದ್ದು. ಕೊಟ್ಟವರ ಹಾರ್ಡ್ ಡಿಸ್ಕ್‌ನಲ್ಲಿ ಏನಿದೆ ಅಂತ ಕುತೂಹಲಕ್ಕೆ ಕೆದಕಬೇಡಿ. ಒಳಗಿರೋದು ಬೇಕಾ ಅಂತ ಮೊದಲು ಅವರನ್ನೇ ಕೇಳಿ. ಆ ಬ್ಯಾಂಕ್ ನೌಕರರು "ಏನೂ ಇಲ್ಲಪ್ಪ ಅದರಲ್ಲಿ" ಅಂದಿದ್ದರು. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಡಿಸ್ಕ್ ತೆರೆದಾಗ ಲೆಕ್ಕದ ಹಾಳೆ ಮಾಡುವ ಹಳೇ ತಂತ್ರಾಂಶ ಲೋಟಸ್ 1-2-3ರಲ್ಲಿ ಮಾಡಿದ ಒಂದು ಹಾಳೆ ಸಿಕ್ಕಿತು. ಮನೆ ಕಟ್ಟಿದ ಲೆಕ್ಕ. ಸಿಮೆಂಟು ಇಷ್ಟು ಮೂಟೆ, ಮರಳು ಇಷ್ಟು ಲೋಡು, ಗಾರೆಯವರ ಕೂಲಿ, ಪಾಯದ ಪೂಜೆಗೆ ಹೂವು, ತೆಂಗಿನಕಾಯಿ. ತೀರಿಕೊಂಡ ಹೆಂಡತಿ ದಿನಾ ರಾತ್ರಿ ಕೂತು ಟೈಪ್ ಮಾಡಿದ್ದಂತೆ. ಪ್ರಿಂಟ್ ತೆಗೆದು ಕೊಟ್ಟೆ. ಅವರು ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡರು, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾವನ ಪ್ರಿಂಟಿಂಗ್ ಪ್ರೆಸ್‌ನ ಅಟ್ಟದಲ್ಲಿ 486 ಸಿಕ್ಕಿದೆ. ಮುಚ್ಚಿಟ್ಟು ಇಪ್ಪತ್ತು ವರ್ಷ ದಾಟಿದೆ. ಕರೆಂಟ್ ಕೊಟ್ಟು ನೋಡೋಣ ಅಂತ ಕೈ ತುರಿಸುತ್ತಿದೆ. ಕೊಡಲಾ?
— ಓದುಗ, ಶಿರಸಿ

ಬೇಡ. ಇವತ್ತು ಬೇಡ, ಮುಂದಿನ ವಾರ ಕೊಡಿ. ಮೊದಲು ಮುಚ್ಚಳ ಬಿಚ್ಚಿ.

ಕೀಬೋರ್ಡ್ ಸಿಕ್ಕಿಸುವ ದುಂಡನೆಯ ತೂತಿನ ಪಕ್ಕ ಸಣ್ಣ ಪೀಪಾಯಿಯ ಹಾಗೆ ಒಂದು ಬ್ಯಾಟರಿ ಇದೆಯಾ ನೋಡಿ. ಎಷ್ಟೋ ಬೋರ್ಡುಗಳಲ್ಲಿ ಅದು ನೀಲಿ ಬಣ್ಣದ್ದು, 3.6 ವೋಲ್ಟ್ ಅಂತ ಬರೆದಿರುತ್ತೆ. 386, 486 ಕಾಲದ ಬೋರ್ಡುಗಳಿಗೆ ಇದೇ ಯಮ. ವರ್ಷಗಟ್ಟಲೆ ಸುಮ್ನೆ ಕೂತರೆ ಅದರೊಳಗಿನ ಕ್ಷಾರ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತೆ. ಮಲೆನಾಡಿನ ತೇವಕ್ಕೆ ಅದು ಇನ್ನೂ ಬೇಗ ಹರಡುತ್ತೆ. ಅಲ್ಲಿ ಹಸಿರು, ನೀಲಿ ಬಣ್ಣದ ಪುಡಿ ಕಂಡರೆ ಸೋರಿದೆ ಅಂತ ಅರ್ಥ. ಅಂಥ ಸ್ಥಿತಿಯಲ್ಲಿ ಕರೆಂಟ್ ಕೊಟ್ಟರೆ ಉಳಿಸಬಹುದಾಗಿದ್ದ ಬೋರ್ಡನ್ನೂ ಕಳೆದುಕೊಳ್ಳಬಹುದು.

ಬ್ಯಾಟರಿ ಸೋರಿರಲಿ, ಬಿಡಲಿ, ಕತ್ತರಿಸಿ ತೆಗೆಯಿರಿ. ಪ್ಲಸ್ ಯಾವ ಕಡೆ ಇತ್ತು ಅಂತ ಮೊದಲೇ ಒಂದು ಫೋಟೋ ತೆಗೆದಿಡಿ. ಆಮೇಲೆ ಹತ್ತಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಆ ಜಾಗ ಒರೆಸಿ. ಸೋರಿದ್ದು ಕ್ಷಾರ, ವಿನೆಗರ್ ಹುಳಿ, ಎರಡೂ ಸೇರಿ ಸಣ್ಣಗೆ ನೊರೆ ಬರಬಹುದು. ನಿಂಬೆರಸ ಹಾಕಬೇಡಿ, ಅಂಟು ಉಳಿಯುತ್ತೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ. ಎರಡು ದಿನ ನೆರಳಲ್ಲಿ ಒಣಗಲಿ. ಆಮೇಲೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಪರೀಕ್ಷೆ ಮಾಡಿ. ಬೀಪ್ ಬರದಿದ್ದರೆ ಗೆರೆ ತುಂಡಾಗಿದೆ ಅಂತ ಅರ್ಥ, ಆ ಕಡೆ ತೆಳು ತಂತಿ ಬೆಸೆಯಬೇಕು.

ಹೊಸ ಬ್ಯಾಟರಿಗೆ ಅವಸರ ಮಾಡಬೇಡಿ. ಹಳೆಯ ಜಾಗಕ್ಕೇ ಸಿಆರ್2032 ನಾಣ್ಯದ ಸೆಲ್ ಬೆಸೆದುಬಿಡುವವರನ್ನು ನೋಡಿದ್ದೇನೆ. ಅದು ತಪ್ಪು. ಆ ಸರ್ಕಿಟ್ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತೆ, ಈ ಸೆಲ್ ಚಾರ್ಜ್ ಆಗುವಂಥದ್ದಲ್ಲ. ನಡುವೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಹಾಕಲೇಬೇಕು. ಬೋರ್ಡಿನಲ್ಲಿ ಹೊರಗಿನ ಬ್ಯಾಟರಿಗೆ ನಾಲ್ಕು ಪಿನ್‌ನ ಜಾಗ ಕೊಟ್ಟಿದ್ದರೆ ಇನ್ನೂ ಸುಲಭ. ಮೂರು ಎಎ ಸೆಲ್‌ನ ಹೋಲ್ಡರ್ ಸಿಕ್ಕಿಸಿ, ಜಂಪರ್ (ಪಿನ್ನುಗಳಿಗೆ ಸಿಕ್ಕಿಸುವ ಸಣ್ಣ ಮುಚ್ಚಳ) ಸರಿಮಾಡಿ, ಹೋಲ್ಡರನ್ನು ಬೋರ್ಡಿನಿಂದ ದೂರ, ಕ್ಯಾಬಿನೆಟ್‌ನ ತಗಡಿಗೆ ಅಂಟಿಸಿ. ಮುಂದೆ ಅದು ಸೋರಿದರೂ ಬೋರ್ಡಿಗೆ ತಾಗಲ್ಲ.

ಈಗ ಪವರ್ ಸಪ್ಲೈ. ಬೋರ್ಡಿಗೆ ಸಿಕ್ಕಿಸದೆ, ಹಾಳಾದರೂ ಚಿಂತೆಯಿಲ್ಲದ ಒಂದು ಹಳೇ ಹಾರ್ಡ್ ಡಿಸ್ಕ್ ಮಾತ್ರ ಸಿಕ್ಕಿಸಿ, ಎಲೆಕ್ಟ್ರೀಷಿಯನ್‌ಗಳು ಇಟ್ಟುಕೊಂಡಿರುವ ಸೀರೀಸ್ ಬಲ್ಬ್ ಮೂಲಕ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಮಂಕಾದ ಮೇಲೆ ಬಲ್ಬ್ ತೆಗೆದು ನೇರ ಕೊಟ್ಟು, 5 ಮತ್ತು 12 ವೋಲ್ಟ್ ಸರಿಯಾಗಿ ಬರುತ್ತಿದೆಯಾ ಅಳೆಯಿರಿ. ಒಂದು ಎಚ್ಚರಿಕೆ: ಆ ಕಾಲದ ಎಟಿ ಕ್ಯಾಬಿನೆಟ್‌ನಲ್ಲಿ ಮುಂದಿನ ಪವರ್ ಬಟನ್‌ವರೆಗೂ 230 ವೋಲ್ಟ್ ಬರುತ್ತೆ, ಈಗಿನವುಗಳ ಹಾಗಲ್ಲ. ಆ ವೈರುಗಳ ಟೇಪ್ ಬಿಚ್ಚಿಹೋಗಿದ್ದರೆ ಮೊದಲು ಅದನ್ನು ಸರಿಮಾಡಿ.

ಬೋರ್ಡಿಗೆ ಹೋಗುವ ಪವರ್ ಕನೆಕ್ಟರ್ ಎರಡು ತುಂಡು. ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. ನಾನು ಒಮ್ಮೆ ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಲ್ಲಿ ಅದಲು ಬದಲು ಸಿಕ್ಕಿಸಿ ಒಂದು ಒಳ್ಳೆಯ 286 ಬೋರ್ಡ್ ಕಳೆದುಕೊಂಡೆ. ಆ ಸುಟ್ಟ ವಾಸನೆ ಇವತ್ತಿಗೂ ಮರೆತಿಲ್ಲ. ಈ ಕೆಲಸ ಹಗಲಲ್ಲಿ ಮಾಡಿ.

ಮಾನಿಟರ್ ಕೆಟ್ಟಿದ್ದರೆ ಮಾತ್ರ ಬಿಚ್ಚಬೇಡಿ. ಗಾಜಿನ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಪ್ಲಗ್ ಕಿತ್ತ ಮೇಲೂ. ಹಳೇ ಟಿವಿ ರಿಪೇರಿ ಮಾಡಿದ ಅನುಭವಸ್ಥರ ಹತ್ತಿರ ತೆಗೆದುಕೊಂಡು ಹೋಗಿ.

ಪೆಂಟಿಯಂ 3, 500 ಮೆಗಾಹರ್ಟ್ಸ್, 128 ಎಂಬಿ ರ‍್ಯಾಮ್, 10 ಜಿಬಿ ಡಿಸ್ಕ್. ಪಕ್ಕದ ಮನೆಯವರು ಸುಮ್ನೆ ಕೊಟ್ಟರು. ಇದನ್ನು ಎಷ್ಟರ ಮಟ್ಟಿಗೆ ಅಪ್‌ಗ್ರೇಡ್ ಮಾಡಬಹುದು? ಎಕ್ಸ್‌ಪಿ ಹಾಕಲಾ, 98 ಹಾಕಲಾ?
— ಓದುಗರು, ಮೈಸೂರು

ಮೊದಲು ಒಂದು ಪ್ರಶ್ನೆಗೆ ನೀವೇ ಉತ್ತರ ಕೊಟ್ಟುಕೊಳ್ಳಿ: ಈ ಮಷೀನು ಯಾವ ವರ್ಷದಲ್ಲಿ ಬದುಕಬೇಕು? ಅಪ್‌ಗ್ರೇಡ್ ಅಂದರೆ ಜಾಸ್ತಿ ಜಾಸ್ತಿ ತುಂಬುತ್ತಾ ಹೋಗೋದು ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ತುಂಬಿದ ಮಷೀನು ಕೊನೆಗೆ ಹಳೆಯದೂ ಅಲ್ಲ, ಹೊಸದೂ ಅಲ್ಲ, ಯಾವ ಕೆಲಸಕ್ಕೂ ಇಷ್ಟವಾಗಲ್ಲ. ನಿಮ್ಮದು 1999ರ ಪ್ರೊಸೆಸರ್. 1999ರಲ್ಲಿ ದುಡ್ಡಿದ್ದವರ ಮನೆಯ ಕಂಪ್ಯೂಟರ್ ಹೇಗಿರುತ್ತಿತ್ತೋ ಹಾಗೆ ಮಾಡಿ. ಅದಕ್ಕೆ ವಿಂಡೋಸ್ 98ರ ಎರಡನೇ ಆವೃತ್ತಿಯೇ ಸರಿ. ಎಕ್ಸ್‌ಪಿ ಬಂದದ್ದು 2001ರಲ್ಲಿ, ಓಡುತ್ತೆ ನಿಜ, ಆದರೆ ಎಕ್ಸ್‌ಪಿ ಬೇಕು ಅನ್ನುವವರಿಗೆ ಪೆಂಟಿಯಂ 4 ಬೇಕಾದಷ್ಟು ಸಿಗುತ್ತವೆ. 98ರಲ್ಲಾದರೆ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಆಟಗಳನ್ನೂ ಓಡಿಸಬಹುದು, 1998ರಲ್ಲಿ ಶುರುವಾದ ಬರಹ ತಂತ್ರಾಂಶದ ಮೊದಲ ಆವೃತ್ತಿಗಳನ್ನೂ ಆ ಕಾಲದ ಹಾಗೇ ನೋಡಬಹುದು.

ರ‍್ಯಾಮ್ 256 ಅಥವಾ 384 ಎಂಬಿಗೆ ನಿಲ್ಲಿಸಿ. 512 ದಾಟಿದರೆ ವಿಂಡೋಸ್ 98 ತಕರಾರು ಮಾಡುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ನಿಮ್ಮೂರಿನ ರಿಪೇರಿ ಅಂಗಡಿಯ ಡಬ್ಬದಲ್ಲೋ 168 ಪಿನ್ನಿನ ಎಸ್‌ಡಿರ‍್ಯಾಮ್ ಕೇಳಿ. ಬೋರ್ಡಿನಲ್ಲಿ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ ಇದ್ದರೆ ಒಂದು ಸೂಕ್ಷ್ಮ ಇದೆ. 256 ಎಂಬಿ ರ‍್ಯಾಮ್ ಪಟ್ಟಿಯ ಎರಡೂ ಬದಿ ಎಂಟೆಂಟು, ಒಟ್ಟು 16 ಚಿಪ್ ಇರುವುದನ್ನೇ ತೆಗೆದುಕೊಳ್ಳಿ. ಒಂದೇ ಬದಿ ಎಂಟು ಚಿಪ್ ಇರುವ 256ರ ಪಟ್ಟಿಯನ್ನು ಆ ಬೋರ್ಡು ಪೂರ್ತಿ ಗುರುತಿಸಲ್ಲ, ಅರ್ಧ ತೋರಿಸುತ್ತೆ ಅಥವಾ ಸ್ಟಾರ್ಟೇ ಆಗಲ್ಲ. ಅಂಗಡಿಯವರು ಕೆಟ್ಟಿದೆ ಅಂತ ಬದಿಗಿಟ್ಟ ಪಟ್ಟಿಗಳಲ್ಲಿ ಇಂಥವೂ ಇರುತ್ತವೆ.

ಡಿಸ್ಕ್ ವಿಷಯಕ್ಕೆ ಬಂದರೆ, ಆ 10 ಜಿಬಿ ಡಿಸ್ಕ್ ಯಾವ ದಿನ ನಿಲ್ಲುತ್ತೋ ಹೇಳಲಾಗದು. ಒಳಗಿರೋದನ್ನು ಮೊದಲು ಕಾಪಿ ಮಾಡಿ, ಪಕ್ಕದ ಮನೆಯವರಿಗೆ ಕೊಡಿ. ಆಮೇಲೆ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನು ಐಡಿಇಗೆ (ಹಳೇ ಹಾರ್ಡ್ ಡಿಸ್ಕಿನ ಕನೆಕ್ಟರಿಗೆ) ಜೋಡಿಸುವ ಸಣ್ಣ ಅಡಾಪ್ಟರ್ ತನ್ನಿ. ಒಳಗೆ ಎಲೆಕ್ಟ್ರಾನಿಕ್ಸ್ ಜಾಸ್ತಿ ಏನೂ ಇಲ್ಲ, ಎರಡೂ ಮಾತಾಡುವ ಭಾಷೆ ಒಂದೇ. 16 ಜಿಬಿ ಕಾರ್ಡ್ ಸಾಕು. ಆ ಕಾಲದ ಕೆಲವು ಬೋರ್ಡುಗಳಲ್ಲಿ ಕಂಪ್ಯೂಟರನ್ನು ಶುರುಮಾಡುವ ಬಯೋಸ್‌ಗಳು 32 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಅಲ್ಲೇ ನಿಂತುಬಿಡುತ್ತವೆ. ಕಾರ್ಡ್ ಹಾಕಿದರೆ ಇನ್ನೊಂದು ಅನುಕೂಲ, ಅದನ್ನು ಕಿತ್ತು ಕಾರ್ಡ್ ರೀಡರ್ ಮೂಲಕ ಲ್ಯಾಪ್‌ಟಾಪಿಗೆ ಹಾಕಿ ಫೈಲ್ ತುಂಬಿಸಬಹುದು, ಹಳೇ ಮಷೀನನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಗೊಡವೆಯೇ ಇಲ್ಲ. ಜೋಡಿಸಲೂ ಬೇಡಿ.

ಪ್ರೊಸೆಸರ್ ಬದಲಿಸುವ ಆಸೆ ಬಂದರೆ ವೋಲ್ಟೇಜ್ ನೋಡಿ. ನಿಮ್ಮದು ಮೊದಲ ತಲೆಮಾರಿನದ್ದಾದರೆ 2.0 ವೋಲ್ಟಿನದ್ದು. ಮುಂದಿನ ಕಾಪರ್‌ಮೈನ್ ತಲೆಮಾರಿಗೆ ಸುಮಾರು 1.65 ವೋಲ್ಟ್ ಬೇಕು, ಎಲ್ಲ ಬೋರ್ಡುಗಳೂ ಅಷ್ಟು ಕೆಳಗೆ ಇಳಿಯಲ್ಲ. ಬೋರ್ಡಿನ ಮೇಲಿನ ಕೆಪ್ಯಾಸಿಟರ್‌ಗಳ ತಲೆ ಪೂರಿಯ ಹಾಗೆ ಉಬ್ಬಿದೆಯಾ ಅಂತಲೂ ನೋಡಿಬಿಡಿ. ಉಬ್ಬಿದ್ದರೆ ಅಪ್‌ಗ್ರೇಡ್ ಆಮೇಲೆ, ಮೊದಲು ಅವನ್ನು ಬದಲಿಸಬೇಕು.

ತೆಗೆದ ಪ್ರತಿ ಭಾಗವನ್ನೂ ಒಂದು ಕವರಿನಲ್ಲಿ ಹಾಕಿ, ಹೆಸರು ಬರೆದು, ಅದೇ ಕ್ಯಾಬಿನೆಟ್ ಜೊತೆಗೆ ಇಡಿ. ನಾಳೆ ಇನ್ನೊಬ್ಬರಿಗೆ ಕೊಡುವಾಗ ಅದು ಬಂದ ಹಾಗೇ ಹೋಗಬೇಕು.

ನಮ್ಮ ಕಂಪನಿಯಲ್ಲಿ ನಲವತ್ತು ಹಳೇ ಕಂಪ್ಯೂಟರ್ ತೆಗೆಯುತ್ತಿದ್ದಾರೆ. ಎರಡು ಕೇಳಿದೆ. "ಕೊಡೋ ಹಾಗಿಲ್ಲ, ರೂಲ್ಸ್" ಅಂದರು. ನಿಜವಾ?
— ಓದುಗರು, ಬೆಂಗಳೂರು

ನಿಜ, ಅವರು ನಿಮಗೆ ಸುಳ್ಳು ಹೇಳಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ದೊಡ್ಡ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರಿಗೆ, ರಿಪೇರಿ ಮಾಡಿ ಮಾರುವ ನೋಂದಾಯಿತರಿಗೆ ಅಥವಾ ರೀಸೈಕಲ್ ಮಾಡುವವರಿಗೇ ಕೊಡಬೇಕು. ನಿಮ್ಮ ಆಡಳಿತ ವಿಭಾಗದವರು ಲೆಕ್ಕ ಒಪ್ಪಿಸಬೇಕು. ಒತ್ತಾಯ ಮಾಡಿ ಅವರನ್ನು ಸಂಕಟಕ್ಕೆ ಸಿಕ್ಕಿಸಬೇಡಿ.

ಆದರೆ ತ್ಯಾಜ್ಯ ಅಂತ ಬರೆದುಹಾಕುವ ಮುಂಚಿನ ಹಂತ ಒಂದಿದೆ ಅಲ್ವಾ? ಓಡುತ್ತಿರುವ ಮಷೀನನ್ನು ಬಳಸಿದ ಸಾಮಾನಾಗಿ ನೌಕರರಿಗೆ ಮಾರುವ ಅಥವಾ ಶಾಲೆಗೆ ಕೊಡುವ ಪದ್ಧತಿ ಕೆಲವು ಕಡೆ ಇದೆ. ನಿಮ್ಮಲ್ಲಿ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ, ಕೊಟ್ಟರೆ ರಸೀದಿ ಪಡೆಯಿರಿ. ಡಿಸ್ಕ್ ತೆಗೆದಿಟ್ಟುಕೊಂಡು ಕೊಡಿ ಅಂತ ನೀವೇ ಹೇಳಿದರೆ ಅವರ ಅರ್ಧ ಭಯ ಹೋಗುತ್ತೆ. ರಾತ್ರಿ ಸೆಕ್ಯೂರಿಟಿಯವರನ್ನು ಹಿಡಿದು ಹೊರಗೆ ತರುವ ಯೋಚನೆ ಮಾತ್ರ ಬೇಡ. ಕೆಲಸ ಹೋಗುವುದು ಅವರದ್ದು.

ಅಣ್ಣ, ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲೊಬ್ಬರು 1980ರ ದಶಕದ ಕಮೊಡೋರ್ 64 ಕಂಪ್ಯೂಟರ್ ಸುಮ್ನೆ ಕೊಟ್ಟಿದ್ದಾರೆ. ಹಾಸನಕ್ಕೆ ತಂದರೆ ಓಡುತ್ತಾ?
— ಓದುಗ, ಅಮೆರಿಕ

ಓಡುತ್ತೆ. ಆದರೆ ಅದರ ಹಳೇ ಪವರ್ ಅಡಾಪ್ಟರನ್ನು ಇಲ್ಲೂ ಹಾಕಬೇಡ, ಅಲ್ಲೂ ಹಾಕಬೇಡ. 120 ವೋಲ್ಟಿನದ್ದನ್ನು ನಮ್ಮ 230ಕ್ಕೆ ಸಿಕ್ಕಿಸಿದರೆ ಹೋಯಿತು ಅನ್ನೋದು ಒಂದು. ಅದಕ್ಕಿಂತ ದೊಡ್ಡ ತೊಂದರೆ, ವಯಸ್ಸಾದಂತೆ ಅದರ 5 ವೋಲ್ಟ್ ಮೇಲೇರಿ ಒಳಗಿನ ರ‍್ಯಾಮ್ ಚಿಪ್‌ಗಳನ್ನು ಸುಡುತ್ತೆ. ಈಗ ಹೊಸದಾಗಿ ಮಾಡಿದ ಪವರ್ ಸಪ್ಲೈ ಸಿಗುತ್ತೆ, 230 ವೋಲ್ಟಿನದ್ದು ತರಿಸು. ಅಮೆರಿಕದ ಮಾಡೆಲ್ ಆದ್ದರಿಂದ ಎನ್‌ಟಿಎಸ್‌ಸಿ ಅನ್ನುವ ಟಿವಿ ಪದ್ಧತಿಯ ಚಿತ್ರ ಬರುತ್ತೆ, ನಮ್ಮ ಹಳೇ ಟಿವಿಗಳದ್ದು ಪಾಲ್ ಪದ್ಧತಿ. ಈಚಿನ ಹೆಚ್ಚಿನ ಟಿವಿಗಳು ಎರಡನ್ನೂ ತೋರಿಸುತ್ತವೆ. ಕೈ ಸಾಮಾನಲ್ಲೇ ತಾ, ಕೀಲಿಗಳು ಮುರಿದರೆ ಸಿಗೋದು ಕಷ್ಟ.

ಬಿಳಿ ಕ್ಯಾಬಿನೆಟ್ ಅರಿಶಿನದ ಬಣ್ಣಕ್ಕೆ ತಿರುಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಬಿಳಿಯಾಗುತ್ತಂತೆ?
— ಓದುಗರು, ಹುಬ್ಬಳ್ಳಿ

ಆಗುತ್ತೆ, ಆದರೆ ಎಷ್ಟೋ ಸಲ ಹಳದಿ ಮತ್ತೆ ವಾಪಸ್ ಬರುತ್ತೆ. ಸರಿಯಾಗಿ ಹಚ್ಚದಿದ್ದರೆ ಮಚ್ಚೆ ಮಚ್ಚೆ ಉಳಿಯುತ್ತೆ. ಪೆರಾಕ್ಸೈಡ್ ಚರ್ಮವನ್ನೂ ಸುಡುತ್ತೆ. ನಾನು ಸೋಪಿನ ನೀರಲ್ಲಿ ಒರೆಸಿ ಬಿಡುತ್ತೇನೆ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನನ್ನ ಬಳಿ 5.25 ಇಂಚಿನ ಒಂದು ಪೆಟ್ಟಿಗೆ ಫ್ಲಾಪಿ, "ಜಿಸ್ಟ್" ಅಂತ ಬರೆದ ಒಂದು ಕಾರ್ಡು ಇದೆ. ಆಗ ಅದನ್ನು ಹಾಕಿದರೆ ಕನ್ನಡ ಬರುತ್ತಿತ್ತು. ಮಗ ಎಸೆಯಿರಿ ಅನ್ನುತ್ತಾನೆ. ಯಾರಿಗಾದರೂ ಉಪಯೋಗಕ್ಕೆ ಬರುತ್ತಾ?
— ಓದುಗರು, ಕಲಬುರಗಿ

ದಯವಿಟ್ಟು ಎಸೆಯಬೇಡಿ ಸರ್. ಈ ಸಲ ಬಂದ ಪತ್ರಗಳಲ್ಲಿ ನಿಮ್ಮದನ್ನು ನಾನು ಮೂರು ಸಲ ಓದಿದೆ.

ಚಿಕ್ಕವರಿಗಾಗಿ ಹೇಳುತ್ತೇನೆ. ಡಾಸ್ ಕಾಲದ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟ್‌ಗೆ ಸಿಕ್ಕಿಸಿದರೆ, ಬರೀ ಇಂಗ್ಲಿಷಿಗೆ ಬರೆದ ತಂತ್ರಾಂಶದಲ್ಲೂ ಕನ್ನಡ ಮೂಡುತ್ತಿತ್ತು. ಅಕ್ಷರಗಳನ್ನು ಇಸ್ಕಿ ಅನ್ನುವ ಸಂಕೇತದಲ್ಲಿ ಇಡುತ್ತಿದ್ದರು, 1991ರಲ್ಲಿ ಅದು ಭಾರತೀಯ ಮಾನಕವೂ ಆಯಿತು. ಅದರಲ್ಲಿ ಕನ್ನಡದ ಕ, ಹಿಂದಿಯ ಕ, ತೆಲುಗಿನ ಕ ಎಲ್ಲಕ್ಕೂ ಒಂದೇ ಸಂಖ್ಯೆ. ಹಾಗಾಗಿ ನಿಮ್ಮ ಫ್ಲಾಪಿಯಲ್ಲಿ ಇರುವುದು ಇಸ್ಕಿ ಪಠ್ಯವಾದರೆ ಅದನ್ನು ಇವತ್ತಿನ ಯೂನಿಕೋಡಿಗೆ ತರುವುದು ಕಷ್ಟದ ಕೆಲಸವೇ ಅಲ್ಲ. ಆಮೇಲಿನ ಕಾಲದ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫೈಲ್‌ಗಳು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದ ಹಾಗೆ ಕಾಣುತ್ತವಲ್ಲ, ಅವಕ್ಕೂ ಪರಿವರ್ತಕಗಳಿವೆ.

ಕಷ್ಟ ಇರುವುದು ಓದುವುದರಲ್ಲಿ. ಫ್ಲಾಪಿಯನ್ನು ಲಕೋಟೆಯಿಂದ ಹೊರಗೆ ತೆಗೆದು, ನಡುವಿನ ಕಿಂಡಿಯಲ್ಲಿ ಕಾಣುವ ಕಂದು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ತಟ್ಟೆಯನ್ನು ಮುಟ್ಟಬೇಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಡ್ರೈವ್‌ಗೆ ಹಾಕಿದರೆ ಲೇಪ ಕೆರೆದು ಬರುತ್ತೆ, ಡ್ರೈವ್‌ನ ಹೆಡ್‌ಗೂ ಅಂಟಿ ಮುಂದಿನ ಫ್ಲಾಪಿಯೂ ಹಾಳಾಗುತ್ತೆ. ಬೂಷ್ಟು ಇರುವುದನ್ನು ಬೇರೆ ಕವರಿನಲ್ಲಿ ಇಡಿ. ಚೆನ್ನಾಗಿರುವವಕ್ಕೆ ಪಕ್ಕದ ಅಂಚಿನಲ್ಲಿರುವ ಚೌಕದ ಕಚ್ಚಿಗೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಆಗ ಯಾವ ಮಷೀನೂ ಅದರ ಮೇಲೆ ಬರೆಯಲಾಗದು.

ಯುಎಸ್‌ಬಿ ಫ್ಲಾಪಿ ಡ್ರೈವ್ ಅಂಗಡಿಯಲ್ಲಿ ಸಿಗುವುದು 3.5 ಇಂಚಿಗೆ ಮಾತ್ರ. ನಿಮ್ಮದಕ್ಕೆ ಹಳೇ 5.25 ಡ್ರೈವ್ ಬೇಕು, ಅದನ್ನು ಈಗಿನ ಕಂಪ್ಯೂಟರಿಗೆ ಜೋಡಿಸಲು ಗ್ರೀಸ್‌ವೀಸಲ್ ಅನ್ನುವ ಪುಟ್ಟ ಬೋರ್ಡ್ ಬರುತ್ತೆ. ನನ್ನ ಹತ್ತಿರ ಎರಡೂ ಇವೆ. ಕಚೇರಿಯ ಕಾಗದ ಅದರಲ್ಲಿದ್ದರೆ ಅದು ಕಚೇರಿಯದ್ದು, ಹೊರಗೆ ಹಾಕುವ ಹಾಗಿಲ್ಲ. ನಿಮ್ಮ ಸ್ವಂತದ್ದು, ಪತ್ರ, ಪದ್ಯ, ಏನಿದ್ದರೂ ನಿಮಗೆ ವಾಪಸ್ ಮಾಡಿಸಿಕೊಡುತ್ತೇನೆ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಫ್ಲಾಪಿಗಳನ್ನು ಅಂಚೆಗೆ ಹಾಕಬೇಡಿ, ಕಲಬುರಗಿಗೆ ನಾನೇ ಬರುತ್ತೇನೆ. ಕಾರ್ಡನ್ನು ಅಲ್ಲಿಯವರೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತದೆ, ಕಾಗದದಲ್ಲಿ ಸುತ್ತಿ ಬೀರುವಿನ ಒಣ ಜಾಗದಲ್ಲಿ ಇಟ್ಟಿರಿ. ಅದರ ಜೊತೆಗೆ ಬಂದ ಪುಸ್ತಕ ಎಲ್ಲಾದರೂ ಇದ್ದರೆ ಅದನ್ನೂ ಹುಡುಕಿಡಿ.